ಸೆರಗು ಹಚ್ಚಿದ ಕಂಬಳಿ

ನಮ್ಮ ಅಡುಗೆಮನೆಯ ಗೂಟಕ್ಕೆ ಎರಡು ಅಂಗೈ ಅಗಲದ ಉಣ್ಣೆಯ ತುಂಡೊಂದು ಮೊನ್ನೆಯವರೆಗೂ ತೂಗುತ್ತಿತ್ತು. ಒಲೆಯ ಮೇಲಿಂದ ಕುದಿಯುವ ಪಾತ್ರೆಯನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಮಸಿಅರಿವೆ ಗಜೇಂದ್ರಗಡದ ಯಾವ ಮನೆಯಲ್ಲಿಯೂ ಇರಲಾರದು. ಅಂಚು ಸುಟ್ಟಿದೆ, ಒಂದು ಕಾಲದ ನೀಲಿ ಮಸಿಯಲ್ಲಿ ಮುಳುಗಿದೆ. ಇಷ್ಟು ಬಡಪಾಯಿ ವಸ್ತುವಿನ ಮೇಲೆ ಪ್ರಬಂಧವೇ ಎಂದು ನೀವು ನಗಬಹುದು, ನಗಿರಿ. ಆದರೆ ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ.

ಇದು ಗ್ವೆನ್ ಬಾಯಾರ ಕಂಬಳಿಯ ತುಂಡು. ನಮ್ಮ ಓಣಿಯ ಹೆಂಗಸರ ಹೆರಿಗೆ ಮಾಡಿಸುತ್ತ, ನಮ್ಮ ಕನ್ನಡವನ್ನೇ ಆಡುತ್ತ, ಇಲ್ಲಿಯೇ ಕೂದಲು ಬೆಳ್ಳಗಾದ, ಊರೆಲ್ಲ ಗೌರವದಿಂದ “ಬಾಯಿ” ಎನ್ನುತ್ತಿದ್ದ ಪರದೇಶದ ನರ್ಸ್ ಅವರು. ತಮ್ಮ ಊರಿಂದ ತಂದ ಕಂಬಳಿಯ ಒಂದು ತುದಿ ಹರಿದು ಹೋದಾಗ ಹೊಲಿಸಲೆಂದು ನಮ್ಮ ಅವ್ವನ ಕೈಗೆ ಕೊಟ್ಟರು. ಅವ್ವ ಹುಟ್ಟಾ ನೇಕಾರಳು. ಸೀರೆಯ ಮೈಯ ಉದ್ದೆಳೆಗಳಿಗೂ ಸೆರಗಿನ ಉದ್ದೆಳೆಗಳಿಗೂ ಎಳೆಗೆಳೆ ಕುಣಿಕೆ ಹಾಕಿ ಕೂಡಿಸುವ ಕೊಂಡಿಯ ಕೆಲಸದಲ್ಲಿ ಅವಳ ಆಯುಷ್ಯವೆಲ್ಲ ಕಳೆದಿದೆ. ಸೆರಗಿಲ್ಲದ ಬಟ್ಟೆ ಅವಳ ಲೆಕ್ಕದಲ್ಲಿ ಬೋಳು. ಹರಿದ ಭಾಗವನ್ನು ಕತ್ತರಿಸಿ, ಉಣ್ಣೆಯ ಎಳೆ ಬಿಡಿಸಿ, ಕೆಂಪು ರೇಷ್ಮೆಯ ಕೊಂಡಿ ಹಾಕಿ, ಆ ಪರದೇಶದ ಕಂಬಳಿಗೆ ಒಂದು ಗೇಣು ಸೆರಗು ನೇಯ್ದೇಬಿಟ್ಟಳು! ಬಾಯಾರು ನೋಡಿ ಮೊದಲು ನಕ್ಕರು, ಆಮೇಲೆ ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಕತ್ತರಿಸಿದ ತುಂಡು ನಮ್ಮ ಮನೆಯಲ್ಲಿ ಉಳಿಯಿತು.

ಅಂದು ನಮ್ಮ ಕಟ್ಟೆಯ ಮೇಲೆ ಕೂತು ಅವರು ತಮ್ಮ ಮಂದಿಯ ಕಥೆ ಹೇಳಿದರು. ಅವರ ನಾಡು ವೇಲ್ಸ್, ಇಂಗ್ಲೆಂಡಿನ ಮಗ್ಗುಲಿಗೇ ಇದ್ದರೂ ಇಂಗ್ಲೆಂಡಲ್ಲ. ಅವರ ಅಜ್ಜಿ ಸಣ್ಣಾಕೆಯಾಗಿದ್ದಾಗ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ತಾಯ್ನುಡಿ ಆಡಿದ ಮಗುವಿನ ಕೊರಳಿಗೆ ಕಟ್ಟಿಗೆಯ ಚಕ್ಕೆ ಕಟ್ಟಿ ಹೊಡೆಯುತ್ತಿದ್ದರಂತೆ. ಆ ಅವಮಾನ ಸಾಕಾಗಿ ಒಂದಷ್ಟು ಕುಟುಂಬಗಳು ತಮ್ಮ ಮಾತನ್ನು ಉಳಿಸಿಕೊಳ್ಳಲಿಕ್ಕೆಂದೇ ಹಡಗು ಹತ್ತಿ, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಎಂಬ ಒಣ ಬಯಲಿಗಿಳಿದು, ಕಾಲುವೆ ತೋಡಿ ಗೋಧಿ ಬೆಳೆದವಂತೆ. ಅವರಲ್ಲಿ ಬಾಯಾರ ದೊಡ್ಡಜ್ಜನೂ ಒಬ್ಬ.

“ಅಲ್ಲಿನೂ ನಮ್ಮಂಗ ಎರಿಭೂಮಿ ಐತೇನ್ರಿ?” ಎಂದು ಅವ್ವ ಕೇಳಿದಳು.

“ಭೂಮಿ ಹ್ಯಾಂಗರ ಇರ್ಲಿ ಯವ್ವಾ, ಮಾತಾಡಿದ್ರ ಹೊಡ್ಯಾವ್ರು ಇರಲಿಲ್ಲ” ಎಂದರು ಬಾಯಾರು. ಆಮೇಲೆ ನನ್ನ ಕಡೆ ತಿರುಗಿ, “ಮಾಸ್ತರ, ನನ್ನ ಇಂಗ್ಲಿಷ್ ಬಾಯಿ ಅನಬ್ಯಾಡ್ರಿ ಅಂತ ನಿಮ್ಮ ಮಂದಿಗೆ ಹೇಳ್ರಿ. ನಾ ವೇಲ್ಸಿನಾಕಿ. ನನಗ ಬ್ಯಾರೆ ಏನೂ ಬ್ಯಾಡ” ಎಂದರು.

ಕೆಲಸದಿಂದ ನಿವೃತ್ತರಾಗಿ ಅವರು ಪ್ಯಾಟಗೋನಿಯಾದ ಬಂಧುಗಳ ಬಳಿಗೆ ಹೊರಟಾಗ ಊರವರು ಸತ್ಕಾರ ಇಟ್ಟುಕೊಂಡರು. ಭಾಷಣಕ್ಕೆ ರೋಣದಿಂದ ಬಂದವರು ನನ್ನ ಅಕ್ಕನ ಗಂಡ, ಜೋಳದ ವ್ಯಾಪಾರಿ ಬಸಪ್ಪ ಭಾವ. ಇವರ ಪರಿಚಯ ತುಸು ಬೇಕು. ಪುಣೆಯ ಲಾಡ್ಜಿನಲ್ಲಿ ಗುಮಾಸ್ತನೊಬ್ಬ “ಮದ್ರಾಸಿ” ಎಂದು ಕರೆದನೆಂದು ಅವನ ಕೊರಳಪಟ್ಟಿ ಹಿಡಿದು, “ನಾ ಕನ್ನಡದಾಂವಲೇ!” ಎಂದು ಗುಡುಗಿ ಬಂದವರು, ಏಕೀಕರಣದ ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡವರು. ಆ ಪುಣೆಯ ಕಥೆಯನ್ನು ಪ್ರತಿ ಹಬ್ಬಕ್ಕೂ ಹೋಳಿಗೆಯೊಂದಿಗೆ ನಾವು ನುಂಗಿದ್ದೇವೆ. ಸತ್ಕಾರದ ಹಿಂದಿನ ಸಂಜೆ ಬಾಯಾರ ಮಾತನ್ನು ಅವರಿಗೆ ಬಿಡಿಸಿ ಹೇಳಿದೆ.

“ಏ ತಮ್ಮಾ, ವೇಲ್ಸ್ ಅಂದ್ರ ಮಂದಿಗೆ ಏನ್ ತಿಳೀತೈತಿ? ಇಂಗ್ಲೆಂಡ್ ಅಂದ್ರ ವಜನ ಐತಿ. ಎಲ್ಲಾ ಒಂದ ತಗಿ” ಎಂದುಬಿಟ್ಟರು.

ಮರುದಿನ ಮಾಲೆ, ಶಾಲು, ಚಪ್ಪಾಳೆ. “ಇಂಗ್ಲೆಂಡಿನ ಈ ಮಹಾತಾಯಿ” ಎಂದು ಭಾವ ಶುರು ಮಾಡಿದರು. ಮುಗಿಸುವವರೆಗೂ ಇಂಗ್ಲೆಂಡನ್ನು ಬಿಡಲಿಲ್ಲ. ಬಾಯಾರು ಎದ್ದರು. ಹೊದಿಸಿದ ಶಾಲನ್ನು ನಿಧಾನವಾಗಿ ಮಡಚಿ ಮೇಜಿನ ಮೇಲಿಟ್ಟರು.

“ಇದು ಇಂಗ್ಲೆಂಡಿನಾಕಿಗೆ ಕೊಟ್ಟದ್ದು. ಆಕಿ ಬಂದ್ರ ಕೊಡ್ರಿ” ಎಂದು ಹೇಳಿ, ಸೆರಗು ಹಚ್ಚಿದ ತಮ್ಮ ಕಂಬಳಿಯನ್ನು ಹೆಗಲಿಗೇರಿಸಿ ಗದಗಿನ ಬಸ್ಸು ಹತ್ತಿದರು.

“ಭಾಳ ಸೊಕ್ಕಿನ ಹೆಂಗಸು” ಎಂದಿತು ಊರು. ಸೊಕ್ಕು ಯಾರದು, ನೀವೇ ಹೇಳಿ. ನಮ್ಮನ್ನು ಬೇರೆ ಹೆಸರಿನಿಂದ ಕರೆದರೆ ಅದು ಅಪಮಾನ, ಅದಕ್ಕೆ ಮೆರವಣಿಗೆ, ಘೋಷಣೆ, ಕೊರಳಪಟ್ಟಿ. ನಾವು ಇನ್ನೊಬ್ಬರನ್ನು ಹಾಗೆ ಕರೆದರೆ ಅದು ಸತ್ಕಾರ! ನುಡಿಗಾಗಿ ಸಮುದ್ರ ದಾಟಿದ ಜನದ ಮಗಳು, ನುಡಿಗಾಗಿ ಬೀದಿಗಿಳಿದ ಜನರ ನಡುವೆ ಬಂದು ಬಾಳಿದಳು. ಅವಳ ಸಂಕಟ ತಿಳಿಯಬೇಕಾದವರು ಜಗತ್ತಿನಲ್ಲಿ ಯಾರಾದರೂ ಇದ್ದರೆ ನಾವೇ ಇದ್ದೆವು. ಅಕ್ಷರ ಬಾರದ ಅವ್ವ ಎರಡು ನಾಡುಗಳಿಗೆ ಕೊಂಡಿ ಹಾಕಿದ್ದಳು, ಉಣ್ಣೆ ಉಣ್ಣೆಯಾಗಿಯೂ ರೇಷ್ಮೆ ರೇಷ್ಮೆಯಾಗಿಯೂ ಉಳಿಯುವ ಹಾಗೆ. ನಮ್ಮ ಭಾಷಣವೋ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮೂಲೆಗೆ ಎಸೆಯಿತು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮೊನ್ನೆ ಭಾವ ಮತ್ತೆ ಬಂದಿದ್ದರು. ತಮ್ಮ ಕಡಕ್ ಚಹಾವನ್ನು ತಾವೇ ಕುದಿಸಿಕೊಳ್ಳುವುದು ಅವರ ಚಟ. ಒಲೆಯ ಮುಂದೆ ಕೂತು ನನ್ನತ್ತ ಕೈ ಚಾಚಿದರು.

“ತಮ್ಮಾ, ಆ ಇಂಗ್ಲೆಂಡಿನ ಅರಿವಿ ಲಗೂ ಕೊಡ.”

ಗೂಟದಿಂದ ಅದನ್ನು ತೆಗೆದು ಕಿಸೆಗೆ ಹಾಕಿಕೊಂಡೆ. “ಇಂಗ್ಲೆಂಡಿಂದು ನಮ್ಮ ಮನ್ಯಾಗ ಏನೂ ಇಲ್ರಿ.”

ಭಾವ ಅವ್ವನ ಮುಖ ನೋಡಿದರು. ಅಳಿಯನ ತಾಟಿನಲ್ಲಿ ತುಪ್ಪ ಕಡಿಮೆಯಾದರೆ ನಿದ್ದೆಗೆಡುವ ಅವ್ವ, ಬಡಿಯುತ್ತಿದ್ದ ರೊಟ್ಟಿಯಿಂದ ಕಣ್ಣೆತ್ತದೆಯೇ ಹೇಳಿದಳು.

“ಅದರ ಊರ ಹೆಸರ ಹೇಳಿ ಕೇಳ್ರಿ, ಕೊಡತಾನ.”

ಚಹಾ ಉಕ್ಕಿ ಒಲೆಯನ್ನೇ ಆರಿಸಿತು. ಭಾವ ಹೆಸರು ಹೇಳಲಿಲ್ಲ, ನಾನು ಅರಿವೆ ಕೊಡಲಿಲ್ಲ. ಇದನ್ನು ಬರೆಯುವಾಗಲೂ ಅದು ನನ್ನ ಕಿಸೆಯಲ್ಲಿಯೇ ಇದೆ.