ಡಾಕ್ಟರರನ್ನು ಪರೀಕ್ಷೆಗೆ ಕೂರಿಸಿದ ಸಾಹೇಬರು

ಡ್ರೈವಿಂಗ್ ಸ್ಕೂಲುಗಳವರೆಲ್ಲ ಬೆನ್ನ ಹಿಂದೆ ಅವರನ್ನು ಮೌನಿ ಸಾಹೇಬರು ಎನ್ನುತ್ತಿದ್ದರು. ಲೈಸೆನ್ಸ್ ಕೊಡುವ ಮುನ್ನ ಪಕ್ಕದ ಸೀಟಿನಲ್ಲಿ ಕೂತು ಪರೀಕ್ಷೆ ಮಾಡುವ ಅಧಿಕಾರಿ ಅವರು. ಹದಿನಾರು ವರ್ಷದ ಸರ್ವಿಸು. ಕಾರು ಹತ್ತಿದರೆಂದರೆ ಬಾಯಿಗೆ ಬೀಗ. ತೊಡೆಯ ಮೇಲೊಂದು ರಟ್ಟು, ರಟ್ಟಿನ ಮೇಲೊಂದು ಫಾರಂ, ಕೈಯಲ್ಲಿ ಕೆಂಪು ಪೆನ್ನು. ಹ್ಯಾಂಡ್‌ಬ್ರೇಕ್ ಇಳಿಸದೆ ಹೊರಟವನಿಗೂ ಅವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗಾಡಿ ಏದುಸಿರು ಬಿಡಲಿ, ಸುಟ್ಟ ವಾಸನೆ ಮೂಗಿಗೆ ಬಡಿಯಲಿ, ಸಾಹೇಬರು ಕಿಟಕಿಯಾಚೆ ನೋಡುತ್ತ ಐದು ಅಂಕ ಕಳೆಯುತ್ತಿದ್ದರು. ಗೊತ್ತಿದ್ದವನಾದರೆ ತಾನೇ ಕಂಡುಹಿಡಿಯಬೇಕು, ಬಾಯಿಬಿಟ್ಟು ಹೇಳಿಕೊಟ್ಟರೆ ಅದೆಂಥ ಪರೀಕ್ಷೆ ಎಂಬುದು ಅವರ ವಾದ. ಆ ವಾದವನ್ನು ಯಾರೂ ಪ್ರಶ್ನಿಸಿರಲಿಲ್ಲ. ಪ್ರಶ್ನಿಸಬೇಕಾದವರೆಲ್ಲ ಫೇಲಾಗಿ ಮನೆಗೆ ಹೋಗಿದ್ದರು.

ಇಂಥವರಿಗೆ ನಲವತ್ತರ ಹೊಸ್ತಿಲಲ್ಲಿ ಮೊದಲ ಮಗು ಹುಟ್ಟಿತು, ಗಂಡು. ಒಳ್ಳೆಯ ಮಕ್ಕಳ ಡಾಕ್ಟರು ಯಾರು ಎಂದು ಒಂದು ಮಾತು ಕೇಳಿದ್ದೇ ತಡ, ಇಡೀ ಆಫೀಸು ಉಪದೇಶಕ್ಕೆ ನಿಂತಿತು. ಕ್ಯಾಷಿಯರನ ಪಾಲಿಗೆ ದೇವರಂಥ ಡಾಕ್ಟರು ಟೈಪಿಸ್ಟಮ್ಮನ ಪಾಲಿಗೆ ಕಟುಕ. ಟೈಪಿಸ್ಟಮ್ಮನ ದೇವರ ಹೆಸರೆತ್ತಿದರೆ ಜವಾನ ಮುಖ ಸಿಂಡರಿಸುತ್ತಿದ್ದ. ಸಾಹೇಬರು ಎಲ್ಲರಿಗೂ ತಲೆಯಾಡಿಸಿ ಯಾರನ್ನೂ ನಂಬಲಿಲ್ಲ. ತಮಗೆ ಬರುವ ಕೆಲಸವನ್ನೇ ಮಾಡಿದರು: ನೂರು ಅಂಕದ ಒಂದು ಫಾರಂ ತಯಾರಿಸಿದರು. ಮಗುವನ್ನು ಮುಟ್ಟುವ ಮುಂಚೆ ಕೈ ತೊಳೆಯುವುದಕ್ಕೆ ಹತ್ತು, ಮೊಬೈಲು ಮುಟ್ಟದಿರುವುದಕ್ಕೆ ಹತ್ತು, ಹೀಗೆ. ಕಾಯಿಲೆಯನ್ನು ಯಾರೂ ಹೇಳದೆ ತಾನಾಗಿಯೇ ಹಿಡಿಯುವುದಕ್ಕೆ ನಲವತ್ತು. ಎಪ್ಪತ್ತು ಬಂದರೆ ಪಾಸು.

ಹಿಡಿಯಲು ಕಾಯಿಲೆಯೂ ಬೇಗನೆ ಸಿಕ್ಕಿತು. ನಾಲ್ಕು ವಾರ ತುಂಬುವ ಹೊತ್ತಿಗೆ ಮಗು ಕುಡಿದ ಹಾಲನ್ನೆಲ್ಲ ವಾಂತಿ ಮಾಡತೊಡಗಿತು. ಕುಡಿದ ಹತ್ತೇ ನಿಮಿಷಕ್ಕೆ ಹಾಲು ಹಾಸಿಗೆ ದಾಟಿ ಹೋಗಿ ಬೀಳುತ್ತಿತ್ತು. ಮರುಕ್ಷಣವೇ ಮಗು ಹಸಿವಿನಿಂದ ಬಾಯಿ ತೆರೆದು ಮತ್ತೆ ಹಾಲು ಹುಡುಕುತ್ತಿತ್ತು.

“ರೀ, ಇದು ಮಕ್ಕಳು ಕಕ್ಕೋ ಥರ ಅಲ್ಲ ರೀ. ಆ ಗೋಡೆ ನೋಡಿ, ಅಲ್ಲೀವರೆಗೂ ಹಾರಿದೆ” ಎಂದಳು ಹೆಂಡತಿ.

“ಡಾಕ್ಟರಿಗೆ ತೋರಿಸೋಣ. ಆದ್ರೆ ನೀನು ಅಲ್ಲಿ ಬಾಯಿ ಬಿಡಬೇಡ” ಎಂದರು ಸಾಹೇಬರು. “ನಾವು ಹೇಳಿದ್ದನ್ನೇ ತಿರುಗಿಸಿ ನಮಗೆ ಹೇಳೋಕೆ ಡಾಕ್ಟರು ಯಾಕೆ ಬೇಕು? ಅವರಿಗೇ ಗೊತ್ತಾಗುತ್ತಾ ನೋಡೋಣ.”

ತಮಾಷೆಯೆಂದರೆ, ಮನುಷ್ಯನಿಗೆ ನಿಜವಾಗಿಯೂ ಭಯವಾಗಿತ್ತು. ಅಂಗೈಯಗಲ ಬೆನ್ನಿನ ಆ ಮಗುವನ್ನು ತಿಳಿಯದವರ ಕೈಗೆ ಕೊಟ್ಟುಬಿಟ್ಟೇನೆಂಬ ಭಯ. ಭಯವಾದಾಗ ಕೆಲವರು ದೇವರಿಗೆ ಕೈ ಮುಗಿಯುತ್ತಾರೆ, ಸಾಹೇಬರು ಫಾರಂ ಹಿಡಿದರು. ಹೆಂಡತಿಗೂ ಇದು ಚೊಚ್ಚಲು. ನಿದ್ದೆಗೆಟ್ಟು ಹಣ್ಣಾಗಿದ್ದ ಅವಳು ಗಂಡ ತಿಳಿದವರು ಎಂದುಕೊಂಡು ಸುಮ್ಮನಾದಳು.

ಮೊದಲನೆಯ ಡಾಕ್ಟರ ಬಳಿಗೆ ಹೋಗುವಾಗ ಮಗುವಿನ ಬಾಯಿ ಒರೆಸಿ, ಅಂಗಿ ಬದಲಿಸಿ, ಹೊಸ ಕಾರಿನ ಹಾಗೆ ಮಿರಮಿರ ಮಿಂಚಿಸಿ ಕರೆದೊಯ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟು “ಹಾಲು ಚೆನ್ನಾಗಿ ಕುಡಿಯುತ್ತಾ?” ಎಂದು ಕೇಳಿದರು. “ಕುಡಿಯುತ್ತೆ” ಎಂದರು ಸಾಹೇಬರು. ಸತ್ಯವೇ. ಆಮೇಲೆ ಏನಾಗುತ್ತೆ ಎಂದು ಕೇಳಿರಲಿಲ್ಲವಲ್ಲ! ಡಾಕ್ಟರು ವಿಟಮಿನ್ ಹನಿ ಬರೆದುಕೊಟ್ಟರು, ಸಾಹೇಬರು ಮೂವತ್ತೈದು ಅಂಕ ಕೊಟ್ಟರು.

ನಾಲ್ಕು ದಿನ ಬಿಟ್ಟು ನೋಡಿದ ಎರಡನೆಯವರು ಕೈ ತೊಳೆದರು, ಮೊಬೈಲು ಡ್ರಾಯರಿಗೆ ಹಾಕಿದರು. ಸಾಹೇಬರಿಗೆ ಆಸೆ ಚಿಗುರಿತು. “ತೂಕ ಸ್ವಲ್ಪ ಕಡಿಮೆ ಇದೆ. ಬೇರೇನಾದ್ರೂ ತೊಂದರೆ ಇದೆಯಾ?” ಎಂದು ಡಾಕ್ಟರು ಕೇಳಿದರು. “ಅದನ್ನ ನೀವೇ ನೋಡಿ ಹೇಳಬೇಕು” ಎಂದು ಸಾಹೇಬರು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತರು. ಹೆಂಡತಿ ತುಟಿ ತೆರೆದದ್ದನ್ನು ಒಂದೇ ನೋಟದಲ್ಲಿ ಮುಚ್ಚಿಸಿದರು. ಡಾಕ್ಟರು ಇನ್ನಷ್ಟು ಸಲ ಹಾಲು ಕುಡಿಸಿ, ಮುಂದಿನ ವಾರ ಬನ್ನಿ ಎಂದರು. ಐವತ್ತೆಂಟು. ಮರುದಿನ ಆಫೀಸಿನಲ್ಲಿ ಸಾಹೇಬರು, ಈ ಊರಿನಲ್ಲಿ ವೈದ್ಯವಿದ್ಯೆಯೇ ಸತ್ತುಹೋಗಿದೆ ಎಂದು ಘೋಷಿಸಿದರು.

ಅಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಮಗುವಿನ ಕೆನ್ನೆ ಇಳಿದುಹೋಗಿತ್ತು. ಬೆಳಗ್ಗೆ ಸುತ್ತಿದ ಉಚ್ಚೆಬಟ್ಟೆ ಮಧ್ಯಾಹ್ನವಾದರೂ ಒದ್ದೆಯಾಗುತ್ತಿರಲಿಲ್ಲ. ಹೆಂಡತಿ ಗಂಡನನ್ನು ಏನೂ ಕೇಳದೆ ಮಗುವನ್ನೆತ್ತಿಕೊಂಡು ಚಪ್ಪಲಿ ಮೆಟ್ಟಿದಳು. ಸಾಹೇಬರು ರಟ್ಟು ಎತ್ತಿಕೊಂಡು ಹಿಂದೆ ಓಡಿದರು.

ಹತ್ತಿರದಲ್ಲಿದ್ದದ್ದು ಸೈಕಲ್ ಅಂಗಡಿಯ ಮೇಲಿನ ಒಂದು ಕ್ಲಿನಿಕ್ಕು. ವಯಸ್ಸಾದ ಡಾಕ್ಟರಮ್ಮ, ಮುರಿದ ಕನ್ನಡಕದ ಕಡ್ಡಿಗೆ ಪ್ಲಾಸ್ಟರು ಸುತ್ತಿದ್ದರು. ಸಾಹೇಬರು ಕೂತ ಕೂಡಲೇ ಅದಕ್ಕೆ ಎರಡು ಅಂಕ ಕಳೆದರು.

“ಹೇಳಿ” ಎಂದರು ಡಾಕ್ಟರಮ್ಮ.

“ನೀವೇ ನೋಡಿ.”

“ನಾನು ನೋಡೋದು ಹತ್ತು ನಿಮಿಷ. ನೀವು ಮಗು ಹುಟ್ಟಿದಾಗಿಂದ ನೋಡ್ತಿದ್ದೀರಿ. ಅದಕ್ಕೆ ಮಾತು ಬರಲ್ಲ, ಅದರ ಪರವಾಗಿ ನೀವು ತಾನೇ ಮಾತಾಡಬೇಕು?”

ಸಾಹೇಬರು ಫಾರಂ ಕಡೆಗೆ ಬಗ್ಗಿದರು. ಹೆಂಡತಿಗೆ ತಡೆಯಲಾಗಲಿಲ್ಲ. ಗೋಡೆ, ಹಾಸಿಗೆ, ಒದ್ದೆಯಾಗದ ಉಚ್ಚೆಬಟ್ಟೆ, ಎಲ್ಲ ಒಂದೇ ಉಸಿರಿನಲ್ಲಿ ಹೊರಬಂತು. ಡಾಕ್ಟರಮ್ಮ ಎದ್ದು ಬಂದು ಮಗುವಿನ ನೆತ್ತಿ ಮುಟ್ಟಿದರು, ನಾಲಿಗೆ ನೋಡಿದರು.

“ಎಷ್ಟು ದಿನದಿಂದ?”

“ಒಂಬತ್ತು ದಿನ ಆಯ್ತು, ಅಮ್ಮಾ.”

“ಯಾರಿಗೂ ತೋರಿಸಲಿಲ್ವಾ?”

“ಇಬ್ಬರಿಗೆ ತೋರಿಸಿದ್ವಿ.”

“ವಾಂತಿ ಅಂದಾಗ ಅವರೇನಂದ್ರು?”

ಹೆಂಡತಿ ಗಂಡನ ಕಡೆ ತಿರುಗಿದಳು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಒಬ್ಬರೇ ಇದ್ದರು.

“ಅವರಿಗೆ... ಹೇಳಲಿಲ್ಲ” ಎಂದರು ಸಾಹೇಬರು.

“ಯಾಕೆ?”

“ಪರೀಕ್ಷೆ ಮಾಡ್ತಿದ್ದೆ.”

ಹದಿನಾರು ವರ್ಷ ಹೆಮ್ಮೆಯಿಂದ ಹೇಳಿಕೊಂಡ ಮಾತು ಆ ಕೋಣೆಯಲ್ಲಿ ಅವರ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಡಾಕ್ಟರಮ್ಮ ಬೈಯಲಿಲ್ಲ, ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ. ಸ್ವಲ್ಪ ಹಾಲು ಕುಡಿಸಲು ಹೇಳಿ ಮಗುವಿನ ಹೊಟ್ಟೆಯ ಮೇಲೆ ಬೆರಳಿಟ್ಟು ಕಾದರು. ನಂತರ ಸಾಹೇಬರ ಕೈ ಹಿಡಿದೆಳೆದು ಅದೇ ಜಾಗದಲ್ಲಿ ಇರಿಸಿದರು. ಚರ್ಮದಡಿ ಗೋಲಿಯಷ್ಟು ಗಟ್ಟಿ ಗಂಟು.

“ಹೊಟ್ಟೆಯಿಂದ ಕರುಳಿಗೆ ಹೋಗೋ ದಾರಿ ದಪ್ಪಗಾಗಿ ಮುಚ್ಕೊಂಡಿದೆ. ಹಾಲು ಕೆಳಗಿಳಿಯಲ್ಲ, ಅದಕ್ಕೇ ವಾಪಸ್ ಬರುತ್ತೆ. ಮೊದಲು ಡ್ರಿಪ್ ಹಾಕಬೇಕು, ಆಮೇಲೆ ಸಣ್ಣ ಆಪರೇಷನ್. ಈಗಲೇ ಆಸ್ಪತ್ರೆಗೆ ಹೊರಡಿ, ನಾನು ಫೋನ್ ಮಾಡ್ತೀನಿ.”

ಅವರು ಮಾತು ಮುಗಿಸುವಷ್ಟರಲ್ಲಿ ಹಾಲು ಚಿಮ್ಮಿ ರಟ್ಟು, ಫಾರಂ, ಸಾಹೇಬರ ಇಸ್ತ್ರಿ ಅಂಗಿ ಎಲ್ಲವನ್ನೂ ತೋಯಿಸಿತು. ಅವರು ಒರೆಸಿಕೊಳ್ಳಲೂ ಇಲ್ಲ.

ಎರಡು ದಿನದ ಮೇಲೆ ಆಪರೇಷನ್ ಆಯಿತು. ಅದರ ಮಾರನೆಯ ಬೆಳಗ್ಗೆ ಮಗು ಹಾಲು ಕುಡಿಯಿತು. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು, ಹಾಲು ಹೊಟ್ಟೆಯಲ್ಲೇ ಉಳಿಯಿತು. ಸಾಹೇಬರು ಕಾರಿಡಾರಿಗೆ ಹೋಗಿ, ಓಡಾಡುವ ನರ್ಸುಗಳ ನಡುವೆಯೇ ಗಳಗಳನೆ ಅತ್ತುಬಿಟ್ಟರು.

ಮಗುವನ್ನು ನೋಡಲು ಆಸ್ಪತ್ರೆಗೆ ಬಂದ ಡಾಕ್ಟರಮ್ಮನ ಮುಂದೆ ಅವರು ಕೈಕಟ್ಟಿ ನಿಂತರು. ಹೇಗೂ ಆಪರೇಷನ್ ಆಗಲೇಬೇಕಿತ್ತು, ಬಿಡಿ ಎಂದು ಇವರೂ ಹೇಳಲಿ ಎಂದು ಅವರ ಜೀವ ಹಾತೊರೆಯುತ್ತಿತ್ತು. ನರ್ಸು ಹೇಳಿದ್ದಳು, ಅತ್ತೆಯೂ ಹೇಳಿದ್ದರು.

“ಅಮ್ಮಾ, ನಾನು ಮೊದಲನೇ ದಿನವೇ ಹೇಳಿದ್ರೆ ಏನಾದ್ರೂ ಬೇರೆ ಆಗ್ತಿತ್ತಾ?”

ಡಾಕ್ಟರಮ್ಮ ಕನ್ನಡಕ ತೆಗೆದು ಅವರ ಮುಖವನ್ನೇ ನೋಡಿದರು.

“ಆಪರೇಷನ್ ಆಗಲೂ ಆಗ್ತಿತ್ತು. ಮಗು ಇಷ್ಟು ದಿನ ಹಸ್ಕೊಂಡಿರ್ತಿರಲಿಲ್ಲ.”

ಹಾಸಿಗೆಯ ಅಂಚಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದ ಹೆಂಡತಿ ತಲೆಯೆತ್ತಿದಳು.

“ಇನ್ಮೇಲೆ ಇವರೇ ನಮ್ಮ ಡಾಕ್ಟರು” ಎಂದಳು. ಗಂಡನ ಅಭಿಪ್ರಾಯ ಕೇಳಲಿಲ್ಲ.