ಯಾನೆ ಬೇಬಿ

ಕೊರೊನಾ ಕಳೆದ ಮರುವರ್ಷ. ನಾನು ಆಗ ಮಾಣಿ ಜಂಕ್ಷನ್‌ನಲ್ಲಿ ಖಾಸಗಿ ಮೇಲ್‌ಬಾಕ್ಸ್ ಸೇವೆ ನಡೆಸುತ್ತಿದ್ದೆ. ಶಾರ್ಜಾದ ಕಂಪನಿಯೊಂದರ ಮೇಲ್‌ರೂಮಿನಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಅಲ್ಲಿ ಕಾಗದ ಮನೆ ಬಾಗಿಲಿಗೆ ಬರುವುದಿಲ್ಲ, ಪೆಟ್ಟಿಗೆ ಸಂಖ್ಯೆಯೇ ವಿಳಾಸ. ಅದನ್ನೇ ಊರಿಗೆ ತಂದೆ. ಗ್ರಾಹಕರ ಟಪಾಲು ನನ್ನ ಅಂಗಡಿಯ ವಿಳಾಸಕ್ಕೆ ಬರುತ್ತದೆ. ಪತ್ರಗಳು ಅವರವರ ಸ್ಟೀಲ್ ಪೆಟ್ಟಿಗೆಗೆ, ಅದನ್ನು ಅವರು ತಮ್ಮ ಕೀಲಿಯಿಂದ ಯಾವ ಹೊತ್ತಿನಲ್ಲೂ ತೆರೆಯಬಹುದು. ಅದರಲ್ಲಿ ಹಿಡಿಸದ ಪಾರ್ಸೆಲ್ ಕೌಂಟರಿನ ಹಿಂದಕ್ಕೆ.

"ಪೋಸ್ಟ್‌ಮ್ಯಾನ್ ಮನೆಗೇ ಬರುವಾಗ ಇದೆಂತ ಮಂಡೆಬೆಚ್ಚ ಮಾರಾಯ?" ಎಂದು ಎದುರಿನ ಹೋಟೆಲಿನವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪೆಟ್ಟಿಗೆ ಯಾಕೆ ಬೇಕೆಂದು ತಿಳಿದವಳು ವಾರಿಜ. ಗಂಡ ಒನಕೆಯಲ್ಲಿ ಹೊಡೆದು ಅವಳ ದವಡೆ ಮುರಿದಿದ್ದ. ಕನ್ಯಾನದ ಆ ಮನೆ ಬಿಟ್ಟು ಮೂಡುಬಿದಿರೆಯಲ್ಲಿ ಕೆಲಸ ಹಿಡಿದಿದ್ದಳು. ವಿಚ್ಛೇದನದ ಅರ್ಜಿಯಲ್ಲಿ ವಿಳಾಸ ಕೊಡಬೇಕು, ಅದರ ಪ್ರತಿ ಗಂಡನಿಗೂ ಹೋಗುತ್ತದೆ. ಹಾಗಾಗಿ ವಕೀಲರ ಸಲಹೆಯಂತೆ ನನ್ನ ಪೆಟ್ಟಿಗೆಯ ವಿಳಾಸ ಕೊಟ್ಟಿದ್ದಳು.

"ನಾನಿರುವ ಜಾಗ ಗೊತ್ತಾದರೆ ಅವರು ನನ್ನನ್ನು ಉಳಿಸುವುದಿಲ್ಲ ಅಣ್ಣ" ಎಂದಿದ್ದಳು.

ಒಂದು ಬೆಳಿಗ್ಗೆ ಅವಳಿಗೆ ದೊಡ್ಡ, ಭಾರದ ಪಾರ್ಸೆಲ್ ಬಂತು. ಸ್ಕ್ಯಾನ್ ಮಾಡಿದೆ, ಅವಳ ಮೊಬೈಲಿಗೆ ಮೆಸೇಜ್ ತಾನಾಗಿ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಲೇಬಲ್ ಓದಿದೆ: 'ವಾರಿಜ ಯಾನೆ ಬೇಬಿ'. ನಮ್ಮ ಕಡೆ ಜಾಗದ ದಸ್ತಾವೇಜಿನಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನು ಹೀಗೆ 'ಯಾನೆ' ಹಾಕಿ ಬರೆಯುವುದುಂಟು. ಪಾರ್ಸೆಲ್ ಮೇಲೆ ಯಾರೂ ಬರೆಯುವುದಿಲ್ಲ. ಕೂಡಲೇ ಫೋನ್ ಮಾಡಿದೆ.

"ನಿನ್ನನ್ನು ಬೇಬಿ ಅಂತ ಯಾರು ಕರೀತಾರೆ?"

"ತೀರಿಹೋದ ಅಮ್ಮ. ಮತ್ತೆ ಅವರು." ಅವಳ ಉಸಿರು ಕೇಳಿಸುತ್ತಿತ್ತು. "ನಾನು ಬಸ್ಸಿನಲ್ಲಿದ್ದೇನೆ ಅಣ್ಣ, ಅಲ್ಲಿಗೇ ಬರ್ತಾ ಇದ್ದೇನೆ."

"ದಾರಿಯಲ್ಲೇ ಬಿ.ಸಿ. ರೋಡಿನಲ್ಲಿ ಇಳಿದು ಪೊಲೀಸರ ಹತ್ತಿರ ಹೋಗು. ಇಲ್ಲಿಗೆ ಬರಬೇಡ."

ಬೆಳಿಗ್ಗೆಯಿಂದ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ನನ್ನ ಬಾಗಿಲನ್ನೇ ನೋಡುತ್ತಿದ್ದ ಗಂಡಸೊಬ್ಬ ಕೊನೆಗೆ ಎದ್ದು ಬಂದ.

"ಬೇಬಿ ಬರಲಿಲ್ಲವಾ?"

"ಇಲ್ಲಿ ಬೇಬಿ ಅಂತ ಯಾರೂ ಇಲ್ಲ."

ಚೀಲದಿಂದ ಕತ್ತಿ ತೆಗೆದ. ತಲೆಗೆ ಬೀಸಿದ ಏಟಿಗೆ ಎಡಗೈ ಅಡ್ಡ ಹಿಡಿದೆ. ಎರಡು ಬೆರಳುಗಳು ಬುಡದಲ್ಲಿ ಸೀಳಿದವು, ರಕ್ತ ಕೌಂಟರಿನ ಮೇಲೆಲ್ಲ ಚಿಮ್ಮಿತು. ಅವನು ವಾರಿಜಳ ಪೆಟ್ಟಿಗೆಗೆ ಕೊಚ್ಚಿದ, ಬಾಗಿಲು ಕಿತ್ತುಬಂತು. ಒಳಗೆ ಏನೂ ಇರಲಿಲ್ಲ. ತಿರುಗಿ ಬಂದು ನನ್ನ ಕುತ್ತಿಗೆಗೆ ಕತ್ತಿ ಒತ್ತಿದ.

"ಎಲ್ಲಿದ್ದಾಳೆ ಹೇಳು. ನಿನ್ನನ್ನು ಬಿಟ್ಟುಬಿಡ್ತೇನೆ."

ಪೆಟ್ಟಿಗೆ ಕೊಡುವಾಗ ಬರೆದುಕೊಂಡಿದ್ದ ಅವಳ ಮೂಡುಬಿದಿರೆಯ ಬಾಡಿಗೆ ಕೋಣೆಯ ವಿಳಾಸ ನನ್ನ ನಾಲಿಗೆಯ ತುದಿಯಲ್ಲಿತ್ತು. ಸುಳ್ಳು ಹೇಳುವುದಿಲ್ಲ, ಹೆದರಿದ್ದೆ. ಅಷ್ಟರಲ್ಲಿ ಕೌಂಟರಿನ ಮೇಲಿದ್ದ ನನ್ನ ಫೋನ್ ಬಡಿದುಕೊಂಡಿತು. ಪರದೆಯಲ್ಲಿ ವಾರಿಜಳ ಹೆಸರು. ಅವನು ಅದಕ್ಕೆ ಬಾಗಿದ. ನಾನು ಬಲಗೈಯಲ್ಲಿ ಪಾರ್ಸೆಲ್ ತೂಗುವ ಯಂತ್ರ ಎತ್ತಿ ಅವನ ಮುಖಕ್ಕೆ ಅಪ್ಪಳಿಸಿದೆ. ಮೂಗು ಮುರಿದ ಸದ್ದು ಕೇಳಿಸಿತು. ಅವನು ಬಿದ್ದ ಮೇಲೂ ಇನ್ನೊಮ್ಮೆ ಹೊಡೆದೆ. ಅದಕ್ಕೆ ನನಗೆ ಇಂದಿಗೂ ಬೇಸರವಿಲ್ಲ. ಹೋಟೆಲಿನವರೇ ಓಡಿಬಂದು ಅವನನ್ನು ನನ್ನ ಪ್ಯಾಕಿಂಗ್ ಹಗ್ಗದಲ್ಲಿ ಕಟ್ಟಿಹಾಕಿದರು.

ವಾರಿಜ ಪೊಲೀಸ್ ಠಾಣೆ ತಲುಪಿದ್ದಳು. ಅದನ್ನು ತಿಳಿಸಲೆಂದೇ ಫೋನ್ ಮಾಡಿದ್ದಳು.

ಪೊಲೀಸರು ಪಾರ್ಸೆಲ್ ಬಿಚ್ಚಿದರು. ಒಳಗೆ ಒಂದು ಕೆಂಪುಕಲ್ಲು, ಬೇರೇನೂ ಇಲ್ಲ. ಪೆಟ್ಟಿಗೆಯಲ್ಲಿ ಹಿಡಿಸಬಾರದು, ಅವಳು ಅಂಗಡಿ ತೆರೆದಿರುವಾಗಲೇ ಬಂದು ಒಯ್ಯಬೇಕು, ಅಷ್ಟೇ ಅವನ ಲೆಕ್ಕ. ಹೆಸರು ತಪ್ಪಿ ವಾಪಸಾಗದಿರಲೆಂದು ಎರಡೂ ಹೆಸರು ಬರೆದು ಕೆಟ್ಟ. ಮೊಹರು ಹಾಕಿದ ಟಪಾಲನ್ನು ಒಡೆದು ನೋಡುವ ಹಕ್ಕು ನಮಗಿಲ್ಲ, ಹೊರಗೆ ಬರೆದದ್ದನ್ನು ಮಾತ್ರ ಒಂದಕ್ಷರ ಬಿಡದೆ ಓದಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು.

ವಿಚ್ಛೇದನದ ತೀರ್ಪು ಬಂದ ದಿನ ವಾರಿಜ ಅಂಗಡಿಗೆ ಬಂದಳು. ನನ್ನ ಮಡಚಲಾಗದ ಬೆರಳುಗಳನ್ನು ನೋಡಿ ಅತ್ತಳು, ನನಗೂ ಕಣ್ಣು ತುಂಬಿತು. ಅವಳ ಪೆಟ್ಟಿಗೆಗೆ ಹೊಸ ಬಾಗಿಲು ಹಾಕಿಸಿದ್ದೆ, ಹೆಸರು ಮಾತ್ರ ಬರೆದಿರಲಿಲ್ಲ.

"ಎಂತ ಬರೀಲಿ?" ಎಂದೆ.

"ಬೇಬಿ ಅಂತಲೇ ಬರೀರಿ ಅಣ್ಣ. ಅದು ನನ್ನ ಅಮ್ಮ ಇಟ್ಟ ಹೆಸರು."