ಡ್ಯಾಶ್‌ಬೋರ್ಡಿನ ಗಣಪ, ಏಳದ ಕಾರು

ಗಣಪನನ್ನು ಎತ್ತಿ ಎಂದು ನಾನೇ ಹೇಳಿದೆನೋ, ಆಂಟಿ ತಾವಾಗಿಯೇ ಎತ್ತಿದರೋ, ಇವತ್ತಿಗೂ ಖಾತ್ರಿಯಿಲ್ಲ. ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ಗಳಲ್ಲಿ ಹೇಳಿ ಹೇಳಿ ‘ನಾನೇ ಹೇಳಿದ್ದು’ ಎಂಬ ಆವೃತ್ತಿ ಗಟ್ಟಿಯಾಗಿಬಿಟ್ಟಿದೆ. (ಚಪ್ಪಾಳೆ ಬೀಳುವುದೂ ಅದಕ್ಕೇ.) ಆದರೆ ಚಪ್ಪಾಳೆ ಸಾಕ್ಷಿಯಾದೀತೇ?

ಕಾರು ನನ್ನ ಗೆಳೆಯ ಗುರುರಾಜನದು. ಧಾರವಾಡದವನು, ಮನೆ ಸ್ಯಾನ್ ಡಿಯೇಗೊದಿಂದ ಎರಡು ಗಂಟೆ ದೂರದ ಡೈಮಂಡ್ ಬಾರ್ ಎಂಬ ಊರಿನಲ್ಲಿ. ಹಳೆಯ ಜಪಾನಿ ಕಾರೊಂದನ್ನು ಕೊಂಡು, ವೇಗಕ್ಕೆಂದು ಟರ್ಬೊ ಕೂರಿಸಿ, ಎಂಜಿನ್ನಿನ ಚಿಪ್ ಬದಲಿಸಿ, ಇಡೀ ಬೀದಿಗೆ ಕೇಳುವ ಹಾಗೆ ಗುರುಗುಟ್ಟಿಸುತ್ತಿದ್ದ. ಅವನ ಹೆಂಡತಿ ವಾಣಿಗೆ ಅದನ್ನು ಕಂಡರಾಗದು. ಒಮ್ಮೆ ಅದು ಕೆಟ್ಟು ಫ್ರೀವೇ ಪಕ್ಕದಲ್ಲಿ ನಿಂತು ಬೆವರಿದ ಮೇಲಂತೂ ಮಾತು ತೆಗೆದುಕೊಂಡಿದ್ದಳು: ಇನ್ನೊಮ್ಮೆ ಕೈಕೊಟ್ಟರೆ ಮಾರುವುದು.

ಕೈಕೊಟ್ಟಿತು. ಆಯುಧಪೂಜೆಯ ಮಾರನೆಯ ಬೆಳಿಗ್ಗೆ.

ವಾಣಿ ಮೊದಲೇ ಮನೆಯ ವ್ಯಾನ್ ತೆಗೆದುಕೊಂಡು ಸ್ಯಾನ್ ಡಿಯೇಗೊಗೆ ಹೋಗಿದ್ದಳು, ತಂಗಿಯ ಮಗುವಿನ ನಾಮಕರಣಕ್ಕೆ. ಊರಿನಿಂದ ಬಂದಿದ್ದ ಅವಳ ತಾಯಿ ಶಾಂತಾ ಆಂಟಿಯನ್ನು ಗುರು ಕರೆತರಬೇಕು. ಜೊತೆಗೆ ನಾನು. ಕೀ ತಿರುಗಿಸಿದರೆ ಕರಕರ ಎಂದು ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ.

“ನನ್ನ ಕಾರಲ್ಲಿ ಹೋಗೋಣ ನಡಿಯೋ,” ಅಂದೆ.

“ನಿನ್ನ ಕಾರಿನ್ಯಾಗ ಹೋಗಿ ಇಳದ್ರ ನನ್ನ ಕಾರು ಹೋದಂಗನ,” ಅಂದ ಗುರು.

ಅಷ್ಟರಲ್ಲಿ ಅವನ ಫ್ಲಿಪ್ ಫೋನು ಹೊಡೆದುಕೊಂಡಿತು. ವಾಣಿಯ ದನಿ ನನಗೂ ಕೇಳಿಸುವಷ್ಟಿತ್ತು. “ಇನ್ನೂ ಮನ್ಯಾಗ ಅದೀರಿ ಅಂದ್ರ ಅದು ನಿಂತದ. ಹೌದಿಲ್ಲೋ?”

“ಇಲ್ಲ, ಅತ್ತಿ ಸೀರಿ ಉಡಾಕತ್ತಾರ,” ಅಂದ. ಆಂಟಿ ಸೀರೆ ಉಟ್ಟು, ಸ್ವೀಟ್ ಡಬ್ಬಿ ಹಿಡಿದು ಗ್ಯಾರೇಜಿನಲ್ಲೇ ನಿಂತಿದ್ದರು.

“ಗಾಡಿಗೆ ಏನೇನರ ತಿನ್ನಿಸ್ಯಾನ್ರೀ ಇವ. ಅದಕ್ಕ ಹೊಟ್ಟಿ ಕೆಟ್ಟದ,” ಎಂದು ನನ್ನತ್ತ ನೋಡಿದರು.

ನಾನೂ ಚಿಪ್ಪನ್ನೇ ಬೈದೆ. ಗುರು ಪೆಟ್ರೋಲನ್ನು ಬೈದ. ಗಮನಿಸಿದ್ದೀರಾ? ನಾವು ಅನುಮಾನಿಸುವುದು ನಮಗೆ ಮೊದಲೇ ಹಿಡಿಸದ್ದನ್ನು ಮಾತ್ರ. ಅಡುಗೆ ಕೆಟ್ಟರೆ ಸೊಸೆ, ಮಗ ಕೆಟ್ಟರೆ ಪಕ್ಕದ ಮನೆಯ ಹುಡುಗ. ಅದಕ್ಕೆ ಡಯಾಗ್ನೋಸಿಸ್ ಎಂದು ಹೆಸರು ಬೇರೆ.

ಸರಿ, ಓದಿದ್ದಕ್ಕೆ ಬೆಲೆ ಕೊಡೋಣ ಎಂದು ಮೊದಲಿನಿಂದ ಶುರುಮಾಡಿದೆ. ಬ್ಯಾಟರಿ ಸರಿಯಿದೆ. ಸ್ಪಾರ್ಕ್ ಬರುತ್ತಿದೆ. ಹಾಗಾದರೆ ಪೆಟ್ರೋಲ್ ಎಂಜಿನ್ನಿಗೆ ಬರುತ್ತಿಲ್ಲ. ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಒಂದೆರಡು ಕ್ಷಣ ‘ಗುಂಯ್’ ಅನ್ನಬೇಕು. ಸೀಟಿಗೆ ಕಿವಿಯಿಟ್ಟು ಮಲಗಿದೆ. ಮೌನ. ಫ್ಯೂಸ್ ನೋಡಿದೆ, ಚೆನ್ನಾಗಿಯೇ ಇತ್ತು.

“ನಿನ್ನೆ ನಿಂಬೆಹಣ್ಣಿನ ಮೇಲೆ ಹತ್ತಿಸಿದಾಗ ಸ್ಟಾರ್ಟ್ ಆಗಿತ್ತಲ್ಲೋ? ಆಮೇಲೆ ಏನು ಮಾಡಿದ್ರಿ?”

“ಏನೂ ಇಲ್ಲಪಾ. ಆರತಿ ಮಾಡಿದ್ವಿ. ಅತ್ತಿ ಡ್ಯಾಶ್‌ಬೋರ್ಡ್ ಮ್ಯಾಲ ಗಣಪ್ಪನ್ನ ಕೂಡಿಸಿದ್ರು.”

ಇಲ್ಲಿಂದ ಮುಂದೆ ಎರಡು ಆವೃತ್ತಿ. ನನ್ನದರಲ್ಲಿ, ನಾನು ಥಟ್ಟನೆ ತಲೆಯೆತ್ತಿ, “ಆಂಟಿ, ಅದನ್ನು ಎತ್ತಿ,” ಅನ್ನುತ್ತೇನೆ. ಗುರುವಿನ ಪ್ರಕಾರ, ನಾನು ಸೀಟಿನ ಮೇಲೆ ಬಿದ್ದುಕೊಂಡೇ ಇದ್ದೆ. ಆಂಟಿ ಚೆಲ್ಲಿದ ಕುಂಕುಮ ಒರೆಸಲು ತಾವೇ ಎತ್ತಿದರು. ಎರಡರಲ್ಲೂ ಅದೇ ಹೊತ್ತಿಗೆ ಗುರು ಕೀ ತಿರುಗಿಸುತ್ತಾನೆ.

ಗುಂಯ್.

“ಆಂಟಿ, ಗಣಪನ್ನ ಅಲ್ಲೇ ವಾಪಸ್ ಇಡಿ,” ಅಂದೆ. (ಇದು ಖಂಡಿತ ನಾನೇ.) ಕೀ ತಿರುಗಿಸಿದರೆ ಮೌನ. “ಈಗ ತೆಗೀರಿ.” ಗುಂಯ್.

ಗಣಪನ ಬುಡದಲ್ಲಿ ಅಯಸ್ಕಾಂತ. ಕಾರಲ್ಲಿ ಕೂರಿಸಲೆಂದೇ ಆಂಟಿ ಹುಬ್ಬಳ್ಳಿಯಿಂದ ತಂದಿದ್ದು. ವಿಘ್ನ ನಿವಾರಿಸುವವನ ಮೇಲೆ ಯಾರಿಗೆ ಅನುಮಾನ ಬಂದೀತು? ದೇವರನ್ನೇ ಅನುಮಾನಿಸುತ್ತೇನೆಂದು ಓಡಾಡುವ ನನಗೂ ಬಂದಿರಲಿಲ್ಲ.

ಗುರು ಪೂರ್ತಿ ಕೀ ತಿರುಗಿಸಿದ. ಗ್ಯಾರೇಜು ನಡುಗಿತು. ಅಷ್ಟು ಚೆಂದದ ಗಲಾಟೆಯನ್ನು ನಾನು ಕೇಳಿಯೇ ಇರಲಿಲ್ಲ.

“ನೋಡ್ರಿ, ಗಣಪ್ಪ ಎದ್ದ, ಗಾಡಿ ಎದ್ದಿತು,” ಅಂದರು ಆಂಟಿ. “ನೀವು ಓದಿದವ್ರು ಏನರ ಅನ್ರಿ.”

ತಾರ್ಕಿಕವಾಗಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಸ್ಯಾನ್ ಡಿಯೇಗೊವರೆಗೂ ಗಣಪ ಹಿಂದಿನ ಸೀಟಿನಲ್ಲಿ ಆಂಟಿಯ ಮಡಿಲಲ್ಲಿ ಪ್ರಯಾಣ ಮಾಡಿದ. ನಾವು ತಲುಪಿದಾಗ ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದರು. ಕಾರಿನ ಸದ್ದು ಕೇಳಿ ವಾಣಿ ಹೊರಗೆ ಬಂದಳು. ಕಾರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. “ಬಂತಲಾ,” ಅಂದಳು. ಮಾರುವ ಮಾತು ಆಮೇಲೆ ಏಳಲಿಲ್ಲ. ಗುರು ಅವತ್ತು ತೊಟ್ಟಿಲಿನ ಮುಂದೆ ನಿಂತ ಗತ್ತು ನೋಡಿದರೆ, ಮಗು ಅವನದೇ ಅನ್ನಬೇಕು.

ಯಾರು ಎತ್ತಿದರು ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಒಂದನ್ನು ಮಾತ್ರ ಮರುವಾರವೇ ಡ್ಯಾಶ್‌ಬೋರ್ಡ್ ಬಿಚ್ಚಿ, ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ: ಹಿಂದಿನ ಮಾಲೀಕ ಕಳ್ಳರಿಗೆ ಹೆದರಿ ಬಚ್ಚಿಟ್ಟಿದ್ದ, ಅಯಸ್ಕಾಂತ ಹತ್ತಿರ ತಂದರೆ ಪೆಟ್ರೋಲ್ ಪಂಪನ್ನು ನಿಲ್ಲಿಸುವ ಪುಟ್ಟ ಸ್ವಿಚ್ಚೊಂದು, ಗಣಪ ಕೂತಿದ್ದ ಜಾಗದ ನೇರ ಕೆಳಗೇ ಇತ್ತು.